ಹೊರಗಿನ ಲೇನಿನ ಹುಡುಗರ ಸರ್

ಹುಬ್ಬಳ್ಳಿಯ ಕೇಶ್ವಾಪುರದ ಚರ್ಚಿನಲ್ಲಿ ಸರ್ ಅಂತ್ಯಸಂಸ್ಕಾರದ ಪೂಜೆಯ ದಿನ ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು ಅನ್ನುವುದು ಸೇರಿದವರಲ್ಲಿ ಅರ್ಧಕ್ಕರ್ಧ ಮಂದಿಗೆ ಗೊತ್ತಿರಲಿಲ್ಲ. ಮುಂದಿನ ಸಾಲಿನವರನ್ನು ನೋಡಿಕೊಂಡು ಏಳುತ್ತಿದ್ದರು, ಕೂರುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿದವರಿದ್ದರು, ಟೋಪಿ ಹಾಕಿದವರಿದ್ದರು, ರೈಲ್ವೆ ವರ್ಕ್‌ಶಾಪಿನ ಪಾಳಿ ಮುಗಿಸಿ ಎಣ್ಣೆಗೈಯಲ್ಲೇ ಬಂದವರಿದ್ದರು. ಸೆಟ್ಲಮೆಂಟ್ ಕೇರಿಯಿಂದ ಬಂದ ಒಂದು ಗುಂಪು ಒಳಗೆ ಜಾಗ ಸಾಲದೆ ಹೊರಗೆ ಗಿಡದ ನೆರಳಲ್ಲಿ ನಿಂತಿತ್ತು. ಗುರುಗಳು ಪ್ರವಚನದಲ್ಲಿ ಸಂತ ಪೌಲನ ಮಾತು ಎತ್ತಿಕೊಂಡರು. ಬದುಕನ್ನು ಓಟದ ಪಂದ್ಯಕ್ಕೆ ಹೋಲಿಸಿ ತಿಮೊಥೆಯನಿಗೆ ಆತ ಬರೆದ ಮಾತದು. ಬೈಬಲ್ ಒಮ್ಮೆಯೂ ತೆರೆಯದ ಹಳೆಯ ಓಟಗಾರರು ತಲೆ ತಗ್ಗಿಸಿ ಕೇಳಿದರು.

ಸರ್ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಪೇಪರಿನಲ್ಲಿ ತಮ್ಮ ಹೆಸರು ಬರುವುದು ಅವರಿಗೆ ಇಷ್ಟವಿರಲಿಲ್ಲ. ಮನೆಯವರೂ ಅದನ್ನೇ ಕೇಳಿಕೊಂಡರು. ಅವರ ಕೈಯಲ್ಲಿ ಕಲಿತ ನಮಗೆ ‘ಸರ’ ಅಂದರೆ ಸಾಕು, ಯಾರೆಂದು ತಿಳಿಯುತ್ತದೆ. ಗಣಿತದ ಮೇಷ್ಟ್ರು, ಸಂಜೆಗೆ ಹಾಕಿ ಮತ್ತು ಅಥ್ಲೆಟಿಕ್ಸ್ ಕೋಚ್. ಸಂಬಳ ಮೊದಲನೆಯದಕ್ಕೆ ಮಾತ್ರ ಬರುತ್ತಿತ್ತು.

ಅಂಥವರು ಕೇಶ್ವಾಪುರದಲ್ಲಿ ಹುಟ್ಟಿದ್ದಕ್ಕೆ ಕಾರಣ ಈ ಊರಿನ ಮಣ್ಣಿಗಿಂತ ಹೆಚ್ಚಾಗಿ ಇಲ್ಲಿನ ಹಳಿ. ಹುಬ್ಬಳ್ಳಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಸದರ್ನ್ ಮರಾಠಾ ರೈಲ್ವೆ ಇಲ್ಲಿ ವರ್ಕ್‌ಶಾಪ್ ಹಾಕಿದ ಮೇಲೆ ಫಿಟ್ಟರ್, ಡ್ರೈವರ್, ಗಾರ್ಡ್ ಕೆಲಸಕ್ಕೆಂದು ಗೋವಾದಿಂದ, ಮಂಗಳೂರಿನಿಂದ, ಮದ್ರಾಸ್ ಸೀಮೆಯಿಂದ ಜನ ಬಂದರು. ಅವರಲ್ಲಿ ಕೆಥೋಲಿಕರು ಬಹಳ. ರೈಲ್ವೆ ಕಾಲೊನಿಗೆ ಹೊಂದಿಕೊಂಡಂತೆ ಕೇಶ್ವಾಪುರ ಬೆಳೆಯಿತು. ಚರ್ಚ್ ಬಂತು, ಕಾನ್ವೆಂಟ್ ಬಂತು, ಫಾತಿಮಾ ಶಾಲೆ ಬಂತು. ಮನೆಯೊಳಗೆ ಕೊಂಕಣಿ ಅಥವಾ ತಮಿಳು, ಹೊಸ್ತಿಲು ದಾಟಿದರೆ ಹುಬ್ಬಳ್ಳಿ ಕನ್ನಡ. 1953ರಲ್ಲಿ ಗೋವಾ ಮತ್ತು ಪುಣೆಯ ಧರ್ಮಪ್ರಾಂತ್ಯಗಳಿಂದ ಭಾಗ ತೆಗೆದು ಬೆಳಗಾವಿ ಧರ್ಮಪ್ರಾಂತ್ಯ ರಚಿಸಿದಾಗ ಹುಬ್ಬಳ್ಳಿಯ ಕೆಥೋಲಿಕರು ಅದರ ಕೆಳಗೆ ಬಂದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದ ಕೊನೆಯಷ್ಟೊತ್ತಿಗೆ, ಲ್ಯಾಟಿನ್ ಪೂಜೆ ಹಿಂದೆ ಸರಿದು ಜನರ ಭಾಷೆಗಳಲ್ಲಿ ಪೂಜೆ ಶುರುವಾಯಿತು. ಸರ್ ಲ್ಯಾಟಿನ್ ಕಾಲದಲ್ಲಿ ಪೂಜೆಗೆ ಗುರುಗಳ ಪಕ್ಕ ನಿಂತು ನೆರವಾಗುತ್ತಿದ್ದ ಹುಡುಗ. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ ಉತ್ತರಗಳನ್ನು ಮುಪ್ಪಿನಲ್ಲೂ ತಪ್ಪಿಲ್ಲದೆ ಹೇಳುತ್ತಿದ್ದರು. ಆದರೆ ಪ್ರಾರ್ಥನೆ ಕನ್ನಡಕ್ಕೆ ಬಂದದ್ದನ್ನು ದೊಡ್ಡ ಬಿಡುಗಡೆ ಎಂದು ತಿಳಿದವರು ಅವರು.

ರೈಲ್ವೆ ಜೊತೆಗೇ ಆಟವೂ ಬಂತು. ರೈಲ್ವೆ ಇನ್‌ಸ್ಟಿಟ್ಯೂಟಿನ ಮೈದಾನದಲ್ಲಿ ಹಾಕಿ, ಫುಟ್‌ಬಾಲ್ ಆಡುವುದು ಆ ಕುಟುಂಬಗಳಿಗೆ ಭಾನುವಾರದ ಪೂಜೆಯಷ್ಟೇ ಸಹಜ. ಸರ್ ತಂದೆ ವರ್ಕ್‌ಶಾಪಿನ ಫಿಟ್ಟರ್, ಹಾಕಿಯಲ್ಲಿ ಹಾಫ್‌ಬ್ಯಾಕ್. ಆಟ ಕಲಿತ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಸಿಗುತ್ತದೆಂಬ ಆಸೆ ಈ ಊರಿನ ಬಡವರ ಮನೆಗಳಲ್ಲಿ ಇಂದಿಗೂ ಇದೆ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೇ ಬಂದ ಮೇಲಂತೂ ಅದು ಇನ್ನಷ್ಟು ಗಟ್ಟಿಯಾಯಿತು. ಸರ್ ಈ ಆಸೆಯನ್ನು ಎಂದೂ ಹಗುರವಾಗಿ ಕಂಡವರಲ್ಲ. ‘ಆಟ ಆಟಕ್ಕಾಗಿ’ ಅನ್ನುವ ಮಾತು ಹೊಟ್ಟೆ ತುಂಬಿದವರ ಮಾತು ಅನ್ನುತ್ತಿದ್ದರು. ಹುಡುಗನ ಅರ್ಜಿಗೆ ಸರ್ಟಿಫಿಕೇಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ನಕಲು ತೆಗೆಸಿ, ಸಹಿ ಹಾಕಿಸಿ ಕಳಿಸುವ ಕೆಲಸವೂ ಅವರ ಲೆಕ್ಕದಲ್ಲಿ ಕೋಚಿಂಗೇ.

ಅವರ ಕಲಿಸುವ ರೀತಿ ಹೇಗಿತ್ತು ಅಂತ ಕೇಳುವವರಿಗೆ ನಾನು ಹೇಳುವುದು ಟ್ರ್ಯಾಕ್ ಗುರುತು ಹಾಕುವ ಪಾಠ. ವಾರ್ಷಿಕ ಕ್ರೀಡಾಕೂಟಕ್ಕೆ ಮೊದಲಿನ ವಾರ ಗಣಿತದ ಪಿರಿಯಡ್ ಮೈದಾನದಲ್ಲಿ. ಸಾಮಾನು ಇಷ್ಟು: ಒಂದು ಗೂಟ, ಗಂಟು ಹಾಕಿ ಅಳತೆ ಮಾಡಿದ ಹಗ್ಗ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿ, ಒಂದು ಚೀಲ ಸುಣ್ಣ. ಹುಬ್ಬಳ್ಳಿಯ ಎರಿಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟಿ ಬೂಟನ್ನೇ ಕಿತ್ತುಕೊಳ್ಳುತ್ತದೆ. ಆದ್ದರಿಂದ ಮೇಲೆ ಗರ್ಸು ಹರವಿ ಬಡಿದ ಮೈದಾನ ಅದು. ಗೂಟ ನೆಟ್ಟು, ಹಗ್ಗ ಬಿಗಿಹಿಡಿದು, ಒಬ್ಬ ಹುಡುಗ ಅರ್ಧವೃತ್ತ ಸುತ್ತುತ್ತ ಸುಣ್ಣ ಉದುರಿಸುವನು. ಒಂದು ಲೇನಿನ ಅಗಲ 1.22 ಮೀಟರ್. ಆಮೇಲೆ ಪ್ರಶ್ನೆ: ಪೂರ್ತಿ ಒಂದು ಸುತ್ತಿನ ಓಟದಲ್ಲಿ ಎರಡನೇ ಲೇನಿನವನನ್ನು ಮೊದಲನೆಯವನಿಗಿಂತ ಎಷ್ಟು ಮುಂದೆ ನಿಲ್ಲಿಸಬೇಕು?

ಎಲ್ಲರೂ ಮೈದಾನದ ಅಳತೆ ಕೇಳುತ್ತಿದ್ದರು. ಸರ್ ಹೇಳುತ್ತಿರಲಿಲ್ಲ. ಲೆಕ್ಕ ಮಾಡುತ್ತ ಹೋದರೆ ತ್ರಿಜ್ಯ ಎರಡೂ ಕಡೆಯಿಂದ ಹೊಡೆದುಹೋಗಿ ಉಳಿಯುವುದು ಎರಡು ಪೈ ಗುಣಿಸು 1.22 ಮಾತ್ರ, ಅಂದರೆ 7.67 ಮೀಟರ್. ನಮ್ಮ ಶಾಲೆಯ 200 ಮೀಟರಿನ ಪುಟ್ಟ ಟ್ರ್ಯಾಕ್ ಇರಲಿ, ನೆಹರೂ ಮೈದಾನದಲ್ಲಿ ಹಾಕುವ 400 ಮೀಟರಿನದಿರಲಿ, ಸುಣ್ಣದ ಗೆರೆಯ ಟ್ರ್ಯಾಕಿನಲ್ಲಿ ಲೇನಿಗೆ ಲೇನಿಗೆ ಅದೇ 7.67. ಒಳ ಅಂಚಿಗೆ ಕಟ್ಟೆ ಇರುವ ದೊಡ್ಡ ಸ್ಟೇಡಿಯಮ್ಮಿನಲ್ಲಿ ಮೊದಲ ಲೇನನ್ನು ಅಂಚಿನಿಂದ 30 ಸೆಂಟಿಮೀಟರ್, ಉಳಿದವನ್ನು ಗೆರೆಯಿಂದ 20 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಹಾಗಾಗಿ ಅಲ್ಲಿ ಎರಡನೇ ಲೇನಿಗೆ ಮಾತ್ರ 7.04 ಆಗುತ್ತದೆ. ಇದನ್ನೂ ಬಿಡದೆ ಹೇಳಿಕೊಡುತ್ತಿದ್ದರು. ವೃತ್ತದ ಪರಿಧಿ ಅನ್ನುವುದು ನಮಗೆ ಕಾಲಿಗೆ ಸಿಕ್ಕಿದ್ದು ಆ ಗರ್ಸಿನ ಮೇಲೆ. ಪುಸ್ತಕ ಆಮೇಲೆ ಬಂತು.

ಈ 7.67ಕ್ಕೆ ಇನ್ನೊಂದು ಉಪಯೋಗವೂ ಇತ್ತು. ಸೆಟ್ಲಮೆಂಟಿನ ಹುಡುಗರಿಗೆ ಸರ್ ಬೆಳಿಗ್ಗೆ ಶಾಲೆಗೆ ಮೊದಲು ಪ್ರತ್ಯೇಕವಾಗಿ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಸೆಟ್ಲಮೆಂಟ್ ಅನ್ನುವ ಹೆಸರಿನ ಹಿಂದಿನ ಕಥೆ ಹೊಸ ತಲೆಮಾರಿಗೆ ತಿಳಿದಿರಲಿಕ್ಕಿಲ್ಲ. ಬ್ರಿಟಿಷರು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿ, ಹಾಜರಿ ಹಾಕಿಸಿ, ಬೇಲಿಯೊಳಗೆ ಇಟ್ಟ ಜಾಗಗಳವು. ಹುಬ್ಬಳ್ಳಿಯದೂ ಹಾಗೆ ಆದದ್ದೇ. ಆ ಕಾನೂನು ರದ್ದಾದದ್ದು 1952ರಲ್ಲಿ. ಜನರ ಮನಸ್ಸಿನಲ್ಲಿ ಅದು ರದ್ದಾಗಲು ಎಷ್ಟೋ ಕಾಲ ಹಿಡಿಯಿತು, ಪೂರ್ತಿ ಆಗಿದೆ ಅಂತ ನಾನು ಹೇಳಲಾರೆ. ಅದೇ ಕೇರಿ ಮುಂದೆ ಹಾಕಿ ಆಟಗಾರರಿಗೆ ಹೆಸರಾಯಿತು. ಅಲ್ಲಿನ ಹುಡುಗರಿಗೆ ಸರ್ ಹೆಚ್ಚು ಹೊತ್ತು ಕೊಡುತ್ತಾರೆಂದು ಒಬ್ಬ ಪಾಲಕರಿಗೆ ಸಿಟ್ಟು. ಶಾಲೆಯ ಗೇಟಿನಲ್ಲೇ ನಿಂತು ಕೇಳಿದರು: “ಸರ, ಅವರಿಗೆ ಮುಂಜಾನಿ ಒಂದ್ ತಾಸು ಜಾಸ್ತಿ ಕಲಸ್ತೀರಿ. ನಮ್ಮ ಹುಡುಗ ಏನ್ ಪಾಪ ಮಾಡ್ಯಾನ್ರಿ?”

“ಹೊರಗಿನ ಲೇನಿನಾಂವ ಮುಂದ ನಿಂತಾನಂತ ಯಾರರೆ ತಕರಾರು ಮಾಡ್ತಾರೇನ್ರಿ? ಅಂವ ದೂರ ಸುತ್ತಿ ಬರಬೇಕಲ್ರಿ. ನಿಮ್ಮ ಹುಡುಗ ಒಳಗಿನ ಲೇನಿನ್ಯಾಗ ಅದಾನ. ಅವನ್ನೂ ಕಳಸ್ರಿ, ಬರಬ್ಯಾಡ ಅಂದಿಲ್ಲ ನಾ.”

ಆ ಹುಡುಗನೂ ಮರುದಿನದಿಂದ ಬಂದ. ಪಕ್ಕದಲ್ಲಿ ಕೂತು ಲೆಕ್ಕ ಮಾಡಿದ.

ಸರ್ ದೇವಭಕ್ತಿಯ ಬಗ್ಗೆ ಬರೆಯುವುದು ಇದಕ್ಕಿಂತ ಕಷ್ಟ. ಅವರು ಬೆಳಗಿನ ಪೂಜೆ ತಪ್ಪಿಸಿದ್ದನ್ನು ಕಂಡವರಿಲ್ಲ. ಪ್ಯಾಂಟಿನ ಒಂದೇ ಕಿಸೆಯಲ್ಲಿ ಸೀಟಿಯೂ ಜಪಮಾಲೆಯೂ ಇರುತ್ತಿದ್ದವು. ಸೀಟಿ ತೆಗೆಯುವಾಗ ಎಷ್ಟೋ ಸಲ ಮಣಿಸರ ಅದಕ್ಕೆ ಸಿಕ್ಕಿಕೊಂಡು ಹೊರಗೆ ಬರುತ್ತಿತ್ತು. ಬಿಡಿಸಿ, ಮುತ್ತಿಟ್ಟು, ಒಳಗಿಟ್ಟು, ಆಮೇಲೆ ಊದುತ್ತಿದ್ದರು. ಅಷ್ಟರಲ್ಲಿ ಆಫ್‌ಸೈಡ್ ಆದವನು ಗೋಲು ಹೊಡೆದು ಕುಣಿಯುತ್ತಿದ್ದದ್ದೂ ಉಂಟು. ಪಂದ್ಯಕ್ಕೆ ಮೊದಲು ತಂಡ ಸುತ್ತ ನಿಂತು ಒಂದು ನಿಮಿಷ ಸುಮ್ಮನಿರಬೇಕು, ಅಷ್ಟೇ ನಿಯಮ. ಯಾರು ಯಾರನ್ನು ನೆನೆಯುತ್ತಾರೆಂಬುದು ಅವರವರಿಗೆ ಬಿಟ್ಟದ್ದು. ಸಿದ್ಧಾರೂಢರ ಮಠಕ್ಕೆ ಹೋಗಿ ಬಂದ ಹುಡುಗನ ಹಣೆಯ ಅಂಗಾರ ಬೆವರಿಗೆ ಕಣ್ಣಿಗಿಳಿದರೆ ತಮ್ಮ ಕರವಸ್ತ್ರ ಕೊಟ್ಟು ಒರೆಸಿಕೊಳ್ಳಲು ಹೇಳುವರು. ರಂಜಾನ್ ತಿಂಗಳಲ್ಲಿ ಉಪವಾಸವಿದ್ದ ಹುಡುಗರಿಗೆ ಓಟ ಕಡಿಮೆ, ಸ್ಟಿಕ್ ಹಿಡಿಯುವ ಕೆಲಸ ಜಾಸ್ತಿ. ತಾವೂ ತಪಸ್ಸುಕಾಲದ ನಲವತ್ತು ದಿನ ಚಹಾ ಬಿಡುತ್ತಿದ್ದರು. ಆ ಚಹಾದ ದುಡ್ಡು, ಅದಕ್ಕೆ ಇನ್ನಷ್ಟು ಸೇರಿಸಿ, ಈಸ್ಟರ್ ಕಳೆದ ಮೇಲೆ ಯಾರದೋ ಕಾಲಿಗೆ ಕ್ಯಾನ್ವಾಸ್ ಬೂಟಾಗಿ ಬರುತ್ತಿತ್ತು. ಯಾರಿಗೆ ಅನ್ನುವುದು ಪಡೆದವನ ಮನೆಯವರಿಗೆ ಮಾತ್ರ ಗೊತ್ತು.

ಒಮ್ಮೆ ಫೈನಲ್ ಪಂದ್ಯ ಭಾನುವಾರ ಬೆಳಿಗ್ಗೆ ಬಿತ್ತು. ಪೂಜೆಯ ಹೊತ್ತಿಗೇ. ಸರ್ ಬರಲಿಲ್ಲ. ಮೊದಲರ್ಧ ಕ್ಯಾಪ್ಟನ್ನೇ ತಂಡ ನಡೆಸಿದ. ಹಾಫ್‌ಟೈಮಿಗೆ ಸೈಕಲ್ ಮೇಲೆ ಬಂದಿಳಿದರು. ಹುಡುಗರಿಗೆ ಸಿಟ್ಟು ಬಂದಿತ್ತು. ಒಬ್ಬ ಬಾಯಿಬಿಟ್ಟು ಕೇಳಿಯೂ ಕೇಳಿದ. “ನಾ ಇಲ್ಲದ ನಿಮಗ ಆಡಾಕ ಬರಂಗಿಲ್ಲಂದ್ರ ಇಷ್ಟ್ ದಿನ ನಾ ಕಲಿಸಿದ್ದರೆ ಏನು?” ಅಂದರು. ಆ ಪಂದ್ಯ ಸೋತೆವು. ಮಾತು ಸರಿಯಾಗಿತ್ತು ಎಂದು ಆ ಬೆಳಿಗ್ಗೆ ಯಾರಿಗೂ ಅನ್ನಿಸಲಿಲ್ಲ. ನನಗೆ ಈಗ ಅನ್ನಿಸುತ್ತದೆ.

ದೇವಭಕ್ತಿಯನ್ನೂ ಆಟವನ್ನೂ ಜೊತೆಗೇ ನಡೆಸಿದ ಇಂಥ ಮೇಷ್ಟ್ರುಗಳ ಸಾಲು ದೊಡ್ಡದು. ಹತ್ತೊಂಬತ್ತನೇ ಶತಮಾನದ ಇಟಲಿಯ ಟ್ಯೂರಿನ್ ನಗರದಲ್ಲಿ ಡಾನ್ ಬಾಸ್ಕೊ ಬೀದಿ ಹುಡುಗರಿಗಾಗಿ ಕಟ್ಟಿದ ತಾಣದಲ್ಲಿ ಪ್ರಾರ್ಥನೆಯ ಕೋಣೆಗೆ ಎಷ್ಟು ಬೆಲೆಯೋ ಆಡುವ ಅಂಗಳಕ್ಕೂ ಅಷ್ಟೇ ಬೆಲೆ. ಬೆಳಗಾವಿಯ ಕ್ಯಾಂಪಿನಲ್ಲಿ 1856ರಿಂದ ನಡೆದುಬಂದ ಸೇಂಟ್ ಪಾಲ್ಸ್ ಶಾಲೆಯ ಹಳೆಯ ವಿದ್ಯಾರ್ಥಿಗಳು ಫಾದರ್ ಎಡ್ಡಿ ಅವರ ನೆನಪಿನಲ್ಲಿ ಶಾಲಾ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತ ಬಂದಿದ್ದಾರೆ. ಬೆಂಗಳೂರಿನ ಜೂಡ್ ಫೆಲಿಕ್ಸ್ ಅವರನ್ನು ನೋಡಿ: 1988ರ ಸೋಲ್, 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಆಡಿದ, ಭಾರತದ ಹಾಕಿ ನಾಯಕರಾಗಿದ್ದ ಆಟಗಾರ. 2009ರಲ್ಲಿ ಅವರು ಶುರು ಮಾಡಿದ ಅಕಾಡೆಮಿ ಸೇಂಟ್ ಮೇರೀಸ್ ಅನಾಥಾಲಯದ ಮಕ್ಕಳ ಕೈಗೆ ಸ್ಟಿಕ್ ಕೊಟ್ಟಿತು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ವ್ಯಾಟಿಕನ್ ಕ್ರೀಡೆಯ ಬಗ್ಗೆ ಒಂದು ಸವಿಸ್ತಾರ ದಾಖಲೆ ಹೊರಡಿಸಿದ್ದು ತೀರ ಈಚೆಗೆ, 2018ರ ಜೂನ್‌ನಲ್ಲಿ. ಮೈದಾನದ ಮೇಷ್ಟ್ರುಗಳು ಅದಕ್ಕೆ ಕಾಯುತ್ತ ಕೂತಿರಲಿಲ್ಲ.

ಆದರೆ ಸರ್ ಇಷ್ಟಪಟ್ಟು ಮಾತಾಡುತ್ತಿದ್ದದ್ದು ಒಬ್ಬರ ಬಗ್ಗೆ: ಕೀನ್ಯಾದ ಬ್ರದರ್ ಕಾಲಮ್ ಓಕಾನಲ್. ಅವರ ಬಗ್ಗೆ ಬಂದ ಇಂಗ್ಲಿಷ್ ಪೇಪರಿನ ಒಂದು ತುಣುಕು ಸರ್ ಪ್ರಾರ್ಥನೆ ಪುಸ್ತಕದೊಳಗೆ, ಸಂತರ ಚಿತ್ರಗಳ ನಡುವೆ ಇತ್ತು. ಐರ್ಲೆಂಡಿನ ಪ್ಯಾಟ್ರಿಶಿಯನ್ ಬ್ರದರ್ಸ್ ಸಭೆಗೆ ಸೇರಿದ ಈ ಭೂಗೋಳದ ಮೇಷ್ಟ್ರು 1976ರಲ್ಲಿ ಕೀನ್ಯಾದ ಇಟೆನ್ ಊರಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ ಬಂದರು. (ಅದೇ ಸಭೆಯವರು 1875ರಿಂದ ನಮ್ಮ ಮದ್ರಾಸಿನಲ್ಲಿ ಶಾಲೆ ನಡೆಸುತ್ತ ಬಂದವರು.) ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಸಣ್ಣ ಊರು ಇಟೆನ್. ಕೆಲವು ವರ್ಷ ಇದ್ದು ಹೋಗೋಣವೆಂದು ಬಂದವರಿಗೆ ಓಟದ ಕೋಚಿಂಗ್ ಗೊತ್ತೇ ಇರಲಿಲ್ಲ. ಬ್ರಿಟನ್ನಿನ ಹೆಸರಾಂತ ಓಟಗಾರ ಬ್ರೆಂಡನ್ ಫಾಸ್ಟರ್ ಅವರ ಸಹೋದರ ಪೀಟ್ ಫಾಸ್ಟರ್ ಆಗ ಅದೇ ಶಾಲೆಯಲ್ಲಿ ಮೇಷ್ಟ್ರು. ಅವರಿಗೆ ಸಹಾಯ ಮಾಡುತ್ತ ಮಾಡುತ್ತ, ಅವರು ಹೊರಟ ಮೇಲೆ ಸ್ಟಾಪ್‌ವಾಚ್ ಇವರ ಕೈಗೆ ಬಂತು.

ಆಮೇಲಿನದ್ದು ಅಥ್ಲೆಟಿಕ್ಸ್ ಬಲ್ಲವರಿಗೆಲ್ಲ ಗೊತ್ತು. ಆ ಶಾಲೆಯ ಪೀಟರ್ ರೋನೊ 1988ರ ಸೋಲ್ ಒಲಿಂಪಿಕ್ಸಿನ 1500 ಮೀಟರಿನಲ್ಲಿ ಚಿನ್ನ ಗೆದ್ದ. ಮ್ಯಾಥ್ಯೂ ಬಿರಿರ್ 1992ರಲ್ಲಿ ಸ್ಟೀಪಲ್‌ಚೇಸ್ ಗೆದ್ದ. ವಿಲ್ಸನ್ ಕಿಪ್ಕೆಟರ್ 800 ಮೀಟರಿನಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದ. ಬ್ರದರ್ ಕೈಯಲ್ಲಿ ಪಳಗಿದ ಡೇವಿಡ್ ರುಡಿಷಾ 2012ರ ಆಗಸ್ಟ್ 9ರಂದು ಲಂಡನ್ನಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ. ಗೆದ್ದು ಬಂದವರ ಹೆಸರಿನಲ್ಲಿ ಶಾಲೆಯ ಅಂಗಳದಲ್ಲಿ ಒಂದೊಂದು ಗಿಡ ನೆಡುವ ರೂಢಿಯಿದೆ.

ಸರ್‌ಗೆ ಹಿಡಿಸಿದ್ದು ಪದಕಗಳ ಪಟ್ಟಿಯಲ್ಲ. ಬ್ರದರ್ 1989ರಲ್ಲಿ ಹುಡುಗಿಯರನ್ನೂ ಸೇರಿಸಿ ರಜೆಯ ತರಬೇತಿ ಶಿಬಿರ ಶುರು ಮಾಡಿದ ಸಂಗತಿ. ಯಾಕೆಂದರೆ ಆ ಗುದ್ದಾಟ ಕೇಶ್ವಾಪುರದಲ್ಲೂ ನಡೆದಿತ್ತು. ಹುಡುಗಿಯರು ಚಡ್ಡಿ ಹಾಕಿಕೊಂಡು ಓಡುವುದೆಂದರೆ ಆಗಿನ ತಾಯಂದಿರಿಗೆ ಎದೆ ಝಲ್ಲೆನ್ನುತ್ತಿತ್ತು. ಭಾಷಣದಿಂದ ಅದು ಬಗೆಹರಿಯುವುದಿಲ್ಲವೆಂದು ಸರ್‌ಗೆ ತಿಳಿದಿತ್ತು. ತಮ್ಮ ಹೆಂಡತಿಯನ್ನೇ ದಿನಾ ಸಂಜೆ ಮೈದಾನಕ್ಕೆ ಕರೆತಂದರು. ಆಂಟಿ ಒಂದು ಕುರ್ಚಿ ಹಾಕಿಕೊಂಡು ಕ್ರೋಶಾ ಹೆಣೆಯುತ್ತ ಕೂರುವರು. ಮುಗಿದ ಮೇಲೆ ಹುಡುಗಿಯರನ್ನು ಅವರವರ ಓಣಿಯ ತನಕ ಬಿಟ್ಟು ಬರುವರು. ಎರಡನೇ ವರ್ಷಕ್ಕೆ ತಾಯಂದಿರೂ ಬಂದು ಆಂಟಿ ಪಕ್ಕ ಕೂರಲಾರಂಭಿಸಿದರು, ಶೇಂಗಾ ಉಂಡಿ ಕಟ್ಟಿಕೊಂಡು. ಆ ತಂಡದ ಒಬ್ಬಳು ಪೊಲೀಸ್ ಇಲಾಖೆಯಲ್ಲಿದ್ದಾಳೆ, ಒಬ್ಬಳು ಹಳ್ಳಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಸರ್ ಹೆಸರು ಹೇಳುವಾಗಲೆಲ್ಲ ಆಂಟಿಯ ಹೆಸರನ್ನೂ ಸೇರಿಸಬೇಕೆಂದು ಇಬ್ಬರೂ ಪಟ್ಟು ಹಿಡಿಯುತ್ತಾರೆ. ನ್ಯಾಯವಾದ ಪಟ್ಟು. ಅವರ ಕುರ್ಚಿ ಇಲ್ಲದಿದ್ದರೆ ಆ ತಂಡವೇ ಇರುತ್ತಿರಲಿಲ್ಲ.

ಸರ್ ಬಗ್ಗೆ ಬರೀ ಒಳ್ಳೆಯದನ್ನೇ ಬರೆದರೆ ಅವರಿಗೇ ಸೇರುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ಕೋಲು ಹಿಡಿಯುತ್ತಿದ್ದರು. ಮಂಡಿಯ ಹಿಂಬದಿಗೆ ಬೀಳುತ್ತಿದ್ದ ಏಟು ಸಣ್ಣದಲ್ಲ. ಆಗಿನ ಕಾಲವೇ ಹಾಗಿತ್ತು ಅನ್ನುವ ಸಮಾಧಾನ ನನಗೆ ಒಪ್ಪಿಗೆಯಿಲ್ಲ; ಹೊಡೆಯದ ಮೇಷ್ಟ್ರುಗಳೂ ಆ ಕಾಲದಲ್ಲೇ ಇದ್ದರು. ಒಬ್ಬ ಹುಡುಗ ಏಟು ತಿಂದ ಮರುದಿನದಿಂದ ಮೈದಾನಕ್ಕೂ ಬರಲಿಲ್ಲ, ಶಾಲೆಗೂ ಬರಲಿಲ್ಲ. ಸರ್ ಮೂರು ಸಂಜೆ ಕಾದರು. ನಾಲ್ಕನೆಯ ದಿನ ಅವನ ಮನೆ ಹುಡುಕಿಕೊಂಡು ಹೋದರು. ತಾಯಿ ರೊಟ್ಟಿ ಬಡಿಯುತ್ತಿದ್ದಳಂತೆ. ಹೊಸ್ತಿಲ ಹೊರಗೇ ನಿಂತು, “ನಂದು ತಪ್ಪಾತ್ರಿ ಯವ್ವಾ, ಇನ್ನ ಕೈ ಎತ್ತಂಗಿಲ್ಲ” ಅಂದರಂತೆ. ಇದನ್ನು ನನಗೆ ಹೇಳಿದವನು ಆ ಹುಡುಗನೇ. ಪಾಪನಿವೇದನೆಗೆ ತಪ್ಪದೆ ಹೋಗುತ್ತಿದ್ದ ಮನುಷ್ಯ ಗುರುಗಳ ಮುಂದೆ ಹೇಳಿ ಹಗುರಾಗುವುದರಲ್ಲೇ ಮುಗಿಸಬಹುದಿತ್ತು. ಯಾರಿಗೆ ನೋವಾಗಿತ್ತೋ ಅವರ ಮನೆ ಬಾಗಿಲಿಗೆ ಹೋದದ್ದೇ ನನಗೆ ಅವರ ಧರ್ಮದ ದೊಡ್ಡ ಸಾಕ್ಷಿ. ಆಮೇಲೆ ಕೋಲು ಕಾಣಲಿಲ್ಲ. ಶಾಲೆಯಲ್ಲಿ ಹೊಡೆಯಬಾರದೆಂದು ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾಗುವ ಎಷ್ಟೋ ಮೊದಲಿನ ಮಾತಿದು.

ಕೊನೆಯ ವರ್ಷಗಳಲ್ಲಿ ಮೊಣಕಾಲು ಸೋತಿತ್ತು. ಮೈದಾನದ ಅಂಚಿಗೆ ಬಂದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ಅಲ್ಲಿ ಅವರನ್ನು ನೋಯಿಸಿದ್ದು ಎಲ್ಲರೂ ದೂರುವ ಮೊಬೈಲ್ ಅಲ್ಲ. ಅವರಿಗೆ ನೋವಾದದ್ದು ಟ್ಯೂಷನ್ನಿನಿಂದ. ಎಂಟನೇ ತರಗತಿಯ ಹುಡುಗ ಸಂಜೆ ಐದಕ್ಕೆ ಬ್ಯಾಗು ಹೊತ್ತು ಇನ್ನೊಂದು ತರಗತಿಗೆ ಹೋಗುತ್ತಾನೆ. ಆಟಕ್ಕೆ ಬರುವವನು ಟ್ಯೂಷನ್ ಫೀ ಕಟ್ಟಲಾರದವನು ಮಾತ್ರ. ಒಳಗಿನ ಲೇನು, ಹೊರಗಿನ ಲೇನು ಎರಡೂ ಸೇರಿ ಓಡುತ್ತಿದ್ದ ಮೈದಾನ ಬಡವರ ಮಕ್ಕಳದ್ದಷ್ಟೇ ಆಗಿ, ಆಮೇಲೆ ಯಾರದೂ ಅಲ್ಲದೆ ವಾಹನ ನಿಲ್ಲಿಸುವ ಜಾಗವಾಗುತ್ತದೆ ಎಂದು ಅವರು ಹೆದರುತ್ತಿದ್ದರು. ಹುಬ್ಬಳ್ಳಿಯಲ್ಲಿ ಹಾಗಾದ ಬಯಲುಗಳನ್ನು ನಾವೆಲ್ಲ ನೋಡಿದ್ದೇವೆ.

ಸರ್ ಹೋದ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿದ್ದೆವು. ಅವರ ನೆನಪಿನಲ್ಲಿ ಒಂದು ಕಪ್ ಕೊಡೋಣ ಅಂದರು ಕೆಲವರು. ಕಮಾನು ಕಟ್ಟಿಸೋಣ, ಸಭಾಂಗಣಕ್ಕೆ ಹೆಸರಿಡೋಣ ಅಂದರು ಕೆಲವರು. ಬೆಳಗಾವಿಯಂತೆ ವರ್ಷಕ್ಕೊಂದು ಪಂದ್ಯಾವಳಿ ಮಾಡೋಣ ಅನ್ನುವುದಕ್ಕೆ ಹೆಚ್ಚು ಕೈ ಎದ್ದವು. ಪಂದ್ಯಾವಳಿಗೆ ನನ್ನ ವಿರೋಧವಿಲ್ಲ. ಆದರೆ ಅದು ನಾಲ್ಕು ದಿನದ ಕೆಲಸ; ಸರ್ ಮಾಡಿದ್ದು ದಿನಾ ಸಂಜೆಯ ಕೆಲಸ. ಕೇಶ್ವಾಪುರದ ಒಂದು ಮೈದಾನದಲ್ಲಿ ವಾರಕ್ಕೆ ಆರು ಸಂಜೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ, ಫೀ ಇಲ್ಲದೆ ಕಲಿಸುವ ಒಬ್ಬ ಕೋಚ್‌ಗೆ ನಾವೆಲ್ಲ ಸೇರಿ ಸಂಬಳ ಕೊಡಬೇಕು ಎಂದು ನಾನು ಹೇಳಿದೆ. ಆಂಟಿ ಕೂತಂಥ ಕುರ್ಚಿಯಲ್ಲಿ ಕೂರಲು ಒಬ್ಬ ಹೆಣ್ಣುಮಗಳಿಗೂ ಕೊಡಬೇಕು ಅಂದಳು ಪೊಲೀಸ್ ಇಲಾಖೆಯ ಗೆಳತಿ. ಮುಂಜಾನೆಯ ಗಣಿತಕ್ಕೆ ನಾ ಬರ್ತೀನಿ ಅಂದ ರೈಲ್ವೆಯಿಂದ ನಿವೃತ್ತನಾದ ಸೆಟ್ಲಮೆಂಟಿನ ಗೆಳೆಯ. ಇನ್ನೂ ಹಣ ಕೂಡಿಲ್ಲ, ಮೈದಾನದ ಅನುಮತಿ ಕೈಗೆ ಬಂದಿಲ್ಲ. ಮುಂದಿನ ಸಭೆ ಈ ತಿಂಗಳ ಕೊನೆಯ ಭಾನುವಾರ, ಪೂಜೆ ಮುಗಿದ ಮೇಲೆ.